ಸಂಘವೋ ಟ್ರಸ್ಟೋ? ಕೊನೆಯ ಮಾತು ಯಾರದ್ದು ಅಂತ ಮೊದಲು ಕೇಳಿ

(ಉಡುಪಿಯಲ್ಲಿ ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿಗಳ ಪದಾಧಿಕಾರಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅರ್ಧ ಮಾತು ತುಳುವಿನಲ್ಲೇ ನಡೆದಿತ್ತು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲಿ ಸೇರಿಸಿದ್ದೇನೆ.)

ಸಂಘ ಕಟ್ಟುವುದನ್ನು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ಹುಡುಗರು ಸೇರಿ ವಾಲಿಬಾಲ್ ನೆಟ್ ಕಟ್ಟಿದರೆ ಸಾಕು, ಮುಂದಿನ ಅಷ್ಟಮಿಗೆ ಮೊದಲೇ ಅಲ್ಲೊಂದು ಫ್ರೆಂಡ್ಸ್ ಕ್ಲಬ್ಬಿನ ಬೋರ್ಡು ಎದ್ದಿರುತ್ತದೆ, ಗೌರವಾಧ್ಯಕ್ಷರ ಹೆಸರು ಸಮೇತ. ಇದು ಇವತ್ತಿನ ಚಾಳಿಯೂ ಅಲ್ಲ. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಶುರು ಮಾಡಿದರು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸಂಘಗಳಿಗೆ ಇದ್ದದ್ದು 1860ರ ಕಾಯ್ದೆ. ನಮ್ಮ ಕಡೆಯ ಕೆಲವು ಹಳೆ ಸಂಘಗಳ ಕಪಾಟಿನಲ್ಲಿ ಆ ಕಾಲದ ಸರ್ಟಿಫಿಕೇಟ್ ಇನ್ನೂ ಇರುತ್ತದೆ. 1960ರ ನಂತರದ್ದಾದರೆ ಮೈಸೂರು ಸಂಘಗಳ ನೋಂದಣಿ ಕಾಯ್ದೆ ಅಂತ ಅಚ್ಚಾಗಿರುತ್ತದೆ. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕಾಯ್ದೆ ಕರ್ನಾಟಕದ್ದಾಯಿತು. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನ ಉಡುಪಿ ಸಂಘದ ಕಡತ ಹುಟ್ಟಿದ್ದು ಮಂಗಳೂರಿನಲ್ಲಿ. ತಾತನ ಕಾಲದ ಸಂಘವನ್ನು ಎಬ್ಬಿಸಬೇಕು ಅಂತ ಯೋಚನೆ ಇದ್ದವರು ಮೊದಲು ಆ ಸರ್ಟಿಫಿಕೇಟ್ ಹುಡುಕಿ, ವರ್ಷ ನೋಡಿ. ಎಲ್ಲಿಗೆ ಓಡಬೇಕು ಅಂತ ಅದರಲ್ಲೇ ಗೊತ್ತಾಗುತ್ತದೆ.

ಈಗ ಹೊಸಬರ ವಿಷಯ. ನೋಂದಣಿ ಬೇಕು ಅಂತ ಜನರಿಗೆ ಅನಿಸುವುದು ಯಾವಾಗ? ನಾನು ನೋಡಿದ ಹಾಗೆ ಹೆಚ್ಚಿನ ಸಲ ಅದು ದುಡ್ಡು ಬಂದಾಗ. ಒಂದು ವಾಟ್ಸಾಪ್ ಗ್ರೂಪ್ ಇರುತ್ತದೆ. ಯಾರದ್ದೋ ಮಗುವಿಗೆ ಆಪರೇಷನ್. ಗ್ರೂಪಿನ ಒಬ್ಬ ಹುಡುಗ ತನ್ನ ಫೋನ್ ನಂಬರ್ ಹಾಕಿ ಇದಕ್ಕೆ ಕಳಿಸಿ ಅನ್ನುತ್ತಾನೆ. ಎರಡು ದಿನದಲ್ಲಿ ಲಕ್ಷಗಟ್ಟಲೆ ಬರುತ್ತದೆ, ನಮ್ಮ ಜನ ಕೊಡುವುದರಲ್ಲಿ ಹಿಂದೆ ಬೀಳುವವರಲ್ಲ. ಮಗು ಹುಷಾರಾಗುತ್ತದೆ, ಎಲ್ಲರಿಗೂ ಸಂತೋಷ. ಆದರೆ ಆ ದುಡ್ಡು ಬಂದದ್ದು ಹುಡುಗನ ಸ್ವಂತ ಖಾತೆಗೆ, ಅವನ ಪ್ಯಾನ್ ಲೆಕ್ಕಕ್ಕೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಸುಮ್ನೆ ಬಂದರೆ ಅದನ್ನು ಆದಾಯ ಅಂತ ಹಿಡಿಯುವ ನಿಯಮ ತೆರಿಗೆ ಕಾಯ್ದೆಯಲ್ಲಿದೆ. ಇದು ನನ್ನದಲ್ಲ, ಮಗುವಿನದ್ದು ಅಂತ ಕಾಗದ ಹಿಡಿದು ತೋರಿಸುವ ಹೊಣೆ ಅವನ ತಲೆಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಉಳಿದ ದುಡ್ಡು ಎಲ್ಲಿ ಹೋಯಿತು ಅಂತ ಮುಂದೆ ಯಾರೋ ಗ್ರೂಪಿನಲ್ಲೇ ಕೇಳುತ್ತಾರೆ. ಇವನು ಒಳ್ಳೆಯವನೇ, ಆದರೆ ಲೆಕ್ಕ ಇಲ್ಲ.

ನೋಂದಣಿ ಅಂದರೆ ಮೂಲದಲ್ಲಿ ಇಷ್ಟೇ. ದುಡ್ಡನ್ನು ಮನುಷ್ಯನಿಂದ ಬಿಡಿಸುವುದು. ಅಧ್ಯಕ್ಷ ಸತ್ತರೂ, ಊರು ಬಿಟ್ಟರೂ, ಸಿಟ್ಟು ಮಾಡಿಕೊಂಡು ಹೋದರೂ ಖಾತೆ, ಜಾಗ, ಹೆಸರು ಉಳಿಯಬೇಕು. ಅದಕ್ಕೆ ಮೂರು ದಾರಿ ಇದೆ: ಸಂಘ, ಟ್ರಸ್ಟ್, ಕಂಪನಿ. ಯಾವುದು ಒಳ್ಳೆಯದು ಸರ್ ಅಂತ ಎಲ್ಲರೂ ಕೇಳುತ್ತಾರೆ, ನಾನು ತಿರುಗಿ ಕೇಳುವುದು ಒಂದೇ. ನಿಮ್ಮಲ್ಲಿ ಜಗಳ ಆದರೆ ಕೊನೆಯ ಮಾತು ಯಾರದ್ದಾಗಬೇಕು? ಎಲ್ಲ ಸದಸ್ಯರದ್ದು ಅಂದರೆ ಸಂಘ. ನಾವು ಐದು ಜನರದ್ದು ಅಂದರೆ ಟ್ರಸ್ಟ್. ದೊಡ್ಡ ದುಡ್ಡು ಬರುತ್ತದೆ, ಸಂಬಳದ ಜನ ಇರುತ್ತಾರೆ, ಎಲ್ಲ ಕಡ್ಡಿ ಮುರಿದ ಹಾಗೆ ಕಾನೂನಿನ ಪ್ರಕಾರ ನಡೆಯಬೇಕು ಅಂದರೆ ಕಂಪನಿ ನೋಡಬಹುದು. ಜಗಳವೇ ಆಗುವುದಿಲ್ಲ ಸರ್, ನಾವು ಬಾಲ್ಯದ ಗೆಳೆಯರು ಅಂತ ಹೇಳುವವರ ಬಗ್ಗೆ ನನಗೆ ಜಾಸ್ತಿ ಹೆದರಿಕೆ.

ಸಂಘದಿಂದ ಶುರು ಮಾಡುತ್ತೇನೆ, ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನರಿಗೆ ಬೇಕಾದದ್ದು ಅದೇ. ಕನಿಷ್ಠ ಏಳು ಜನ ಬೇಕು. ಕಾಯ್ದೆ 1960ರದ್ದು. ಧರ್ಮಕಾರ್ಯ, ಶಿಕ್ಷಣ, ಸಾಹಿತ್ಯ, ಕಲೆ, ಕ್ರೀಡೆ, ವಾಚನಾಲಯ, ನೆಲ ಜಲ ಕಾಡು ಉಳಿಸುವುದು, ಇಂಥ ಉದ್ದೇಶಗಳಿಗೆ ಸಂಘ ಮಾಡಬಹುದು. ಅರ್ಜಿ ಹೋಗುವುದು ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ, ಅಂದರೆ ಸಹಕಾರ ಇಲಾಖೆಗೆ. ಇಲ್ಲೊಂದು ಗೊಂದಲ ಯಾವಾಗಲೂ ಆಗುತ್ತದೆ. ಸಹಕಾರ ಸಂಘಗಳ ಉಪನಿಬಂಧಕರೇ ಈ ಕೆಲಸವನ್ನೂ ನೋಡುವುದರಿಂದ ನಮ್ಮದೂ ಸೊಸೈಟಿಯೇ, ಸದಸ್ಯರಿಗೆ ಸಾಲ ಕೊಡಬಹುದು ಅಂದುಕೊಳ್ಳುತ್ತಾರೆ. ಹಾಗಲ್ಲ. ಠೇವಣಿ ತಗೊಳ್ಳುವುದು, ಸಾಲ ಕೊಡುವುದು, ಲಾಭಾಂಶ ಹಂಚುವುದು ಇದ್ದರೆ ಅದು 1959ರ ಸಹಕಾರ ಸಂಘಗಳ ಕಾಯ್ದೆಗೆ ಅಥವಾ 1997ರ ಸೌಹಾರ್ದ ಕಾಯ್ದೆಗೆ ಸೇರಿದ್ದು. ನಾವು ಮಾತಾಡುತ್ತಿರುವ ಸಂಘದಲ್ಲಿ ಒಂದು ರೂಪಾಯಿ ಲಾಭವೂ ಸದಸ್ಯನ ಕಿಸೆಗೆ ಹೋಗುವ ಹಾಗಿಲ್ಲ.

ಕಾಗದ ಅಂಥದ್ದೇನೂ ಇಲ್ಲ. ಜ್ಞಾಪನಾ ಪತ್ರ ಒಂದು, ಅದರಲ್ಲಿ ಹೆಸರು, ವಿಳಾಸ, ಉದ್ದೇಶಗಳು, ಮೊದಲ ಆಡಳಿತ ಮಂಡಳಿಯ ಹೆಸರು ವಿಳಾಸ ಉದ್ಯೋಗ. ನಿಯಮಾವಳಿ ಒಂದು, ನಾವೆಲ್ಲ ಬೈಲಾ ಅನ್ನುವುದು ಅದಕ್ಕೆ. ಎಲ್ಲರ ಗುರುತಿನ ಚೀಟಿ, ಕಚೇರಿಯ ವಿಳಾಸಕ್ಕೆ ಮನೆ ತೆರಿಗೆ ರಶೀದಿ ಅಥವಾ ಮೆಸ್ಕಾಂ ಬಿಲ್ಲು, ಜಾಗ ಬೇರೆಯವರದ್ದಾದರೆ ಅವರ ಒಪ್ಪಿಗೆ ಪತ್ರ. ಹೆಸರಿನ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ಈಗಾಗಲೇ ಇರುವ ಸಂಘದ ಹೆಸರಿಗೆ ತೀರ ಹತ್ತಿರ ಇದ್ದರೆ ಕೊಡುವುದಿಲ್ಲ. ಸರಕಾರದ್ದೇ ಸಂಸ್ಥೆ ಅಂತ ಜನ ತಪ್ಪು ತಿಳಿಯುವ ಹೆಸರಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ. ಎರಡು ಮೂರು ಹೆಸರು ಯೋಚಿಸಿಕೊಂಡೇ ಹೋಗಿ.

ಎಲ್ಲರೂ ಬೇಗ ಮುಗಿಸುವುದು ಬೈಲಾವನ್ನು. ನಿಧಾನ ಮಾಡಬೇಕಾದದ್ದು ಅದನ್ನೇ.

ಎಂತ ಆಗುತ್ತದೆ ಅಂದರೆ, ಪಕ್ಕದ ಊರಿನ ಸಂಘದ ಬೈಲಾ ಯಾರೋ ತಂದುಕೊಡುತ್ತಾರೆ, ಡಿಟಿಪಿ ಅಂಗಡಿಯಲ್ಲಿ ಹೆಸರು ಮಾತ್ರ ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. ಒಂದು ಯಕ್ಷಗಾನ ಕಲಾ ಸಂಘದ ಬೈಲಾ ನನ್ನ ಕೈಗೆ ಬಂದಿತ್ತು. ಚೆಂಡೆ, ಮದ್ದಳೆ, ಹಿಮ್ಮೇಳ ಅಂತ ಚೆನ್ನಾಗಿಯೇ ಶುರುವಾಗಿ ಆರನೇ ಉದ್ದೇಶಕ್ಕೆ ಬರುವಾಗ ಬಲೆ, ಬೋಟು, ಡೀಸೆಲ್ ಸಬ್ಸಿಡಿಗೆ ಹೋರಾಡುವುದು ಅಂತ ಇತ್ತು. ನಗಬೇಡಿ, ಅದು ನಗುವ ವಿಷಯವಾಗಿ ಉಳಿಯುವುದು ತೆರಿಗೆ ಇಲಾಖೆಯವರು ಓದುವ ತನಕ ಮಾತ್ರ. ನಿಮ್ಮ ಖರ್ಚು ನಿಮ್ಮ ಉದ್ದೇಶಕ್ಕೆ ಸರಿಯಾಗಿ ಇದೆಯಾ ಅಂತ ಅವರು ನೋಡುವುದು ಇದೇ ಕಾಗದ ಹಿಡಿದುಕೊಂಡು. ಉದ್ದೇಶದಲ್ಲಿ ಆಂಬುಲೆನ್ಸ್ ಇಲ್ಲದೆ ಆಂಬುಲೆನ್ಸ್ ತಗೊಂಡರೆ ಪ್ರಶ್ನೆ ಬರುತ್ತದೆ.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಅದರ ವಿಷಯ ನೋಡಿ. ಸದಸ್ಯರ ಮೂರನೇ ಎರಡು ಭಾಗ ಹಾಜರಿರಬೇಕು ಅಂತ ಗಂಭೀರವಾಗಿ ಬರೆದುಬಿಡುತ್ತಾರೆ. ಶುರುವಿಗೆ ಇಪ್ಪತ್ತು ಜನ ಇರುವಾಗ ಸರಿ. ಹತ್ತು ವರ್ಷದಲ್ಲಿ ಸದಸ್ಯರು ಮುನ್ನೂರಾಗುತ್ತಾರೆ, ಅರ್ಧ ಮಂದಿ ಬೆಂಗಳೂರು, ಮುಂಬೈ, ದುಬೈ. ವಾರ್ಷಿಕ ಮಹಾಸಭೆಗೆ ಬರುವವರು ಮೂವತ್ತು ಜನ, ಅದರಲ್ಲೂ ಗೋಳಿಬಜೆ ಬರುವ ತನಕ ಹೊರಗೆ ನಿಂತವರು ಹತ್ತು. ಆಗ ಎಂತ ಮಾಡುತ್ತಾರೆ? ಸಹಿ ಪುಸ್ತಕ ಮನೆ ಮನೆಗೆ ಹೋಗುತ್ತದೆ. ಬಾರದವರ ಸಹಿಯೂ ಬೀಳುತ್ತದೆ. ಎಲ್ಲ ಚೆನ್ನಾಗಿರುವಾಗ ಯಾರೂ ಕೇಳುವುದಿಲ್ಲ. ಜಾಗದ ತಕರಾರು ಬಂದ ದಿನ ಆ ಪುಸ್ತಕವೇ ಕೋರ್ಟಿಗೆ ಹೋಗುತ್ತದೆ, ಸಹಿ ಹಾಕಿದವನು ಆ ತಾರೀಕಿಗೆ ಮಸ್ಕತ್ತಿನಲ್ಲಿ ಇದ್ದ ಅಂತ ಪಾಸ್‌ಪೋರ್ಟ್ ಹೇಳುತ್ತದೆ. ಇದರ ಬದಲು ಸಣ್ಣ ಕೋರಂ ಇಡಿ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ, ಆಮೇಲೆ ಹಾಜರಿದ್ದವರೇ ಕೋರಂ ಅಂತ ಒಂದು ಸಾಲು ಸೇರಿಸಿ.

ಇನ್ನೊಂದು, ಸದಸ್ಯ ಅಂದರೆ ಯಾರು? ವಂತಿಗೆ ಕೊಟ್ಟವನಾ, ಹೆಸರು ಪುಸ್ತಕದಲ್ಲಿ ಇದ್ದವನಾ, ಪ್ರತಿ ಭಜನೆಗೆ ಬಂದು ತಾಳ ಹಾಕುವವನಾ? ಚುನಾವಣೆ ಬಂದಾಗ ಮೂವರೂ ಮತ ನಂದು ಅನ್ನುತ್ತಾರೆ. ಎಷ್ಟು ವರ್ಷ ವಂತಿಗೆ ಬಾಕಿ ಇದ್ದರೆ ಮತ ಇಲ್ಲ, ಯಾರನ್ನು ಹೇಗೆ ತೆಗೆಯಬಹುದು, ತೆಗೆಯುವ ಮೊದಲು ಅವನ ಮಾತು ಕೇಳಬೇಕಾ, ಒಬ್ಬ ಎಷ್ಟು ಅವಧಿ ಅಧ್ಯಕ್ಷನಾಗಬಹುದು, ಇದೆಲ್ಲ ಪ್ರೀತಿ ಇರುವಾಗಲೇ ಬರೆದಿಡಬೇಕು. ನಮ್ಮ ಕಡೆ ಅವಿರೋಧ ಆಯ್ಕೆ ಅಂದರೆ ಹೆಮ್ಮೆ. ಮಹಾಸಭೆಗೆ ಮೊದಲೇ ಇಬ್ಬರು ಹಿರಿಯರು ಕೂತು ಪಟ್ಟಿ ಮಾಡಿರುತ್ತಾರೆ, ಸಭೆಯಲ್ಲಿ ಓದಿ ಚಪ್ಪಾಳೆ ಹೊಡೆಸುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಸಂಘದ ಕಾನೂನಿನಲ್ಲಿ ಸದಸ್ಯನಿಗೆ ಬಲ ಉಂಟು ಅಂತ ಆ ಹಿರಿಯರಿಗೂ ಗೊತ್ತಿರಬೇಕು. ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಹಾಕಿದರೆ ನೋಂದಣಾಧಿಕಾರಿ ವಿಚಾರಣೆ ಮಾಡಲೇಬೇಕು. ತೀರಾ ಕೆಟ್ಟುಹೋದ ಸಂಘಕ್ಕೆ ಸರಕಾರ ಆಡಳಿತಾಧಿಕಾರಿಯನ್ನು ನೇಮಿಸುವುದೂ ಉಂಟು. ಬೇರೆಯವರು ಬಂದು ಪ್ರಶ್ನೆ ಕೇಳುವುದು ಇಷ್ಟ ಇಲ್ಲದವರು ಸಂಘ ಮಾಡಬಾರದು.

ಸಂಘಕ್ಕೆ ವರ್ಷ ವರ್ಷ ಕೆಲಸ ಇದೆ. ಮಹಾಸಭೆ ಆಗಬೇಕು, ಆಡಿಟ್ ಆಗಬೇಕು, ಸಭೆ ಆಗಿ ಹದಿನಾಲ್ಕು ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಜನ ಇದಕ್ಕೆ ನವೀಕರಣ ಅನ್ನುತ್ತಾರೆ. ಬಿಟ್ಟರೆ ದಂಡ ಕಟ್ಟಿ ಸರಿಮಾಡಬೇಕು. ಸುವರ್ಣ ಮಹೋತ್ಸವಕ್ಕೆ ಸರಕಾರದ ಅನುದಾನ ಕೇಳಲು ಹೊರಟಾಗ, ಎಂಟು ವರ್ಷದ ಲೆಕ್ಕ ಕೊಟ್ಟೇ ಇಲ್ಲ ಅಂತ ಗೊತ್ತಾಗಿ, ಪದಾಧಿಕಾರಿಗಳು ರಾತ್ರಿ ಕೂತು ಎಂಟು ಮಹಾಸಭೆಯ ನಡಾವಳಿಯನ್ನು ಒಂದೇ ಪೆನ್ನಿನಲ್ಲಿ ಬರೆಯುವುದು ನಮ್ಮ ಜಿಲ್ಲೆಯ ಗುಟ್ಟೇನೂ ಅಲ್ಲ.

ಈಗ ಟ್ರಸ್ಟ್. ಇದು ಬರೆದವನ ಮಾತಿನ ಮೇಲೆ ನಿಲ್ಲುತ್ತದೆ. ಒಬ್ಬರು ಇಷ್ಟು ದುಡ್ಡು ಅಥವಾ ಜಾಗ ಈ ಕೆಲಸಕ್ಕೆ ಅಂತ ತೆಗೆದಿಡುತ್ತಾರೆ, ನೋಡಿಕೊಳ್ಳಲು ಟ್ರಸ್ಟಿಗಳನ್ನು ನೇಮಿಸುತ್ತಾರೆ, ಟ್ರಸ್ಟ್ ಡೀಡ್ ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಅಂದರೆ ನಾವು ಜಾಗ ರಿಜಿಸ್ಟ್ರಿ ಮಾಡುವ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ ನೋಂದಾಯಿಸುತ್ತಾರೆ. ಈಗ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೊದಲು ಮಾಹಿತಿ ತುಂಬಿ, ಸಮಯ ಪಡೆದು ಹೋಗುವುದು. ಫೋಟೋ, ಹೆಬ್ಬೆಟ್ಟು, ಇಬ್ಬರು ಸಾಕ್ಷಿ. ಜಾಗ ಸೇರಿಸಿದರೆ ಸ್ಟ್ಯಾಂಪ್ ಡ್ಯೂಟಿಯ ಲೆಕ್ಕ ಬೇರೆ, ಅದನ್ನು ಬರೆಯುವ ಮೊದಲೇ ಕೇಳಿಕೊಳ್ಳಿ. ಸುಮಾರು ಜನ 1882ರ ಟ್ರಸ್ಟ್ ಕಾಯ್ದೆಯಡಿ ನೋಂದಣಿ ಅಂತ ಲೆಟರ್‌ಹೆಡ್ಡಿನಲ್ಲಿ ಹಾಕಿಸುತ್ತಾರೆ. ಆ ಕಾಯ್ದೆ ಖಾಸಗಿ ಟ್ರಸ್ಟುಗಳದ್ದು. ಸಾರ್ವಜನಿಕ ಟ್ರಸ್ಟು ನಡೆಯುವುದು ಡೀಡಿನ ಮೇಲೆ, ಕೋರ್ಟುಗಳು ಬೆಳೆಸಿದ ತತ್ವಗಳ ಮೇಲೆ, ತೆರಿಗೆ ಕಾಯ್ದೆಯ ಮೇಲೆ.

ಟ್ರಸ್ಟಿನ ಆಕರ್ಷಣೆ ಅಂದರೆ ಆಮೇಲೆ ಸಬ್‌ರಿಜಿಸ್ಟ್ರಾರ್ ವರ್ಷ ವರ್ಷ ಏನೂ ಕೇಳುವುದಿಲ್ಲ. ಚುನಾವಣೆ ಇಲ್ಲ, ಮಹಾಸಭೆ ಇಲ್ಲ. ತಂದೆ ತಾಯಿಯ ನೆನಪಿಗೆ ವಿದ್ಯಾರ್ಥಿವೇತನ ಕೊಡುವ ಕುಟುಂಬ, ಸ್ವಂತ ದುಡ್ಡಿನಲ್ಲಿ ಸಣ್ಣ ಆಸ್ಪತ್ರೆ ನಡೆಸುವ ವೈದ್ಯರು, ಇಂಥವರಿಗೆ ಇದೇ ಸರಿ. ಆದರೆ ಊರಿನವರ ಹತ್ತಿರ ರಶೀದಿ ಪುಸ್ತಕ ಹಿಡಿದು ಹೋಗುವವರು ಟ್ರಸ್ಟ್ ಮಾಡಿದರೆ ನನಗೆ ಸ್ವಲ್ಪ ಕಸಿವಿಸಿ. ಕೊಟ್ಟವನಿಗೆ ಅಲ್ಲಿ ಮತವೇ ಇಲ್ಲ. ಅನುಮಾನ ಬಂದರೆ ಅವನ ಮುಂದಿರುವ ದೊಡ್ಡ ದಾರಿ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ಹಿತಾಸಕ್ತಿ ಇರುವ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ದಾವೆ ಹೂಡಬೇಕು. ಐನೂರು ರೂಪಾಯಿ ಕೊಟ್ಟವನು ಅಲ್ಲಿಗೆಲ್ಲ ಹೋಗುತ್ತಾನಾ?

ಡೀಡ್ ಬರೆಸುವಾಗ ತಿದ್ದುಪಡಿಯ ಅಧಿಕಾರ, ಟ್ರಸ್ಟಿ ತೀರಿಹೋದರೆ ಅವರ ಜಾಗಕ್ಕೆ ಯಾರು, ಮುಚ್ಚಿದರೆ ಆಸ್ತಿ ಎಲ್ಲಿಗೆ, ಈ ಮೂರನ್ನು ಬಿಡಬೇಡಿ. ಟ್ರಸ್ಟಿಗಳೆಲ್ಲ ಒಂದೇ ಮನೆಯವರಾದರೆ ಒಬ್ಬ ಹೊರಗಿನವರನ್ನು ಸೇರಿಸಿ ಅಂತ ನನ್ನ ಸಲಹೆ, ಕಾನೂನು ಹಾಗೆ ಹೇಳದಿದ್ದರೂ. ಟ್ರಸ್ಟಿನ ಕಚೇರಿಗೆ ಸಂಸ್ಥಾಪಕರದ್ದೇ ಮನೆ, ಅದಕ್ಕೆ ಮಾರುಕಟ್ಟೆಗಿಂತ ಜಾಸ್ತಿ ಬಾಡಿಗೆ, ಮ್ಯಾನೇಜರ್ ಅಳಿಯ, ಇಂಥದ್ದೆಲ್ಲ ಕಂಡರೆ ತೆರಿಗೆ ವಿನಾಯಿತಿಗೆ ಸಂಚಕಾರ.

ಕಂಪನಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ 8ನೇ ಕಲಂ, ಅದಕ್ಕೇ ಸೆಕ್ಷನ್ 8 ಕಂಪನಿ ಅನ್ನುವುದು. ಇಬ್ಬರಿದ್ದರೂ ಸಾಕು, ಕನಿಷ್ಠ ಬಂಡವಾಳ ಅಂತ ಇಲ್ಲ, ಎಲ್ಲ ಆನ್‌ಲೈನ್, ಡಿಜಿಟಲ್ ಸಹಿ ಬೇಕು. ದೊಡ್ಡ ದಾನಿಗಳು ಇದನ್ನು ಇಷ್ಟಪಡುತ್ತಾರೆ, ಲೆಕ್ಕ ಯಾರು ಬೇಕಾದರೂ ನೋಡಬಹುದು ಅಂತ. ಆದರೆ ವಾರ್ಷಿಕ ಫಾರ್ಮು ತಡವಾದರೆ ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ ದಂಡ. ಕಾರ್ಯಕ್ರಮ ಏನೂ ಮಾಡದೆ ಸುಮ್ನೆ ಕೂತರೂ ಮೀಟರ್ ಓಡುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ ಪುಸ್ತಕ ಹಂಚುವ ಹಳೆ ವಿದ್ಯಾರ್ಥಿ ಸಂಘಕ್ಕೆ ಇದು ಬೇಡವೇ ಬೇಡ.

ಸರ್ಟಿಫಿಕೇಟ್ ಕೈಗೆ ಬಂತು, ಇನ್ನು ತೆರಿಗೆ ಇಲ್ಲ ಅಲ್ವಾ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಇದೆ. ಸಂಘ ಆದ ಕೂಡಲೇ ವಿನಾಯಿತಿ ಬರುವುದಿಲ್ಲ. ಸಂಸ್ಥೆಯ ಹೆಸರಿಗೆ ಪ್ಯಾನ್ ಮಾಡಿಸಬೇಕು, ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ. ಜನರ ಬಾಯಲ್ಲಿ ಅದು ಇನ್ನೂ 12ಎ, 80ಜಿ. 12ಎ ಅಂದರೆ ಸಂಸ್ಥೆಯ ಆದಾಯಕ್ಕೆ ವಿನಾಯಿತಿ, 80ಜಿ ಅಂದರೆ ದಾನಿಗೆ ರಿಯಾಯಿತಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಅಂತ ಆದ ಮೇಲೆ ಕಲಂಗಳ ನಂಬರ್ ಬದಲಾಗಿವೆ, ಅರ್ಜಿ ಹಾಕುವಾಗ ಹೊಸ ನಂಬರ್ ನೋಡಿಯೇ ಹಾಕಿ. ಕ್ರಮ ಮಾತ್ರ ಹೆಚ್ಚು ಕಡಿಮೆ ಹಳೆಯದೇ. ಮೊದಲು ಮೂರು ವರ್ಷಕ್ಕೆ ತಾತ್ಕಾಲಿಕ ನೋಂದಣಿ. ಅದು ಮುಗಿಯುವ ಆರು ತಿಂಗಳ ಮೊದಲು, ಅಥವಾ ಕೆಲಸ ಶುರುವಾಗಿ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ ಕಾಯಂ ನೋಂದಣಿಗೆ ಅರ್ಜಿ. ಕಾಯಂ ಅಂದರೂ ಐದು ವರ್ಷಕ್ಕೇ ಇತ್ತು, ಈಗ ಆದಾಯ ಐದು ಕೋಟಿ ಮೀರದ ಸಂಸ್ಥೆಗಳಿಗೆ ವಿನಾಯಿತಿಯ ನೋಂದಣಿಯನ್ನು ಹತ್ತು ವರ್ಷ ಮಾಡಿದ್ದಾರೆ. ಒಳ್ಳೆಯದಾಯಿತು, ಆದರೆ ಹತ್ತು ವರ್ಷ ಆದ ಮೇಲೆ ತಾರೀಕು ನೆನಪಿಡುವವರು ಯಾರು ಅಂತ ನನಗೆ ಈಗಲೇ ಚಿಂತೆ. ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟು ಉದ್ದೇಶಕ್ಕೆ ಖರ್ಚಾಗಬೇಕು. ಕಟ್ಟಡಕ್ಕೋ ಇನ್ನೊಂದಕ್ಕೋ ಕೂಡಿಡುವುದಾದರೆ ಇಂಥದ್ದಕ್ಕೆ ಅಂತ ಮೊದಲೇ ತಿಳಿಸಿ ಐದು ವರ್ಷದ ತನಕ ಇಡಬಹುದು.

80ಜಿ ಬಗ್ಗೆ ಜನರಿಗೆ ಇರುವ ಮೋಹ ಸ್ವಲ್ಪ ಜಾಸ್ತಿಯೇ. ಅದು ದಾನ ಕೊಟ್ಟವನಿಗೆ ಸಿಗುವ ರಿಯಾಯಿತಿ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವನಿಗೆ ಅದು ಸಿಗುವುದೇ ಇಲ್ಲ, ಈಗ ಸಂಬಳದವರಲ್ಲಿ ತುಂಬಾ ಜನ ಅದರಲ್ಲೇ ಇದ್ದಾರೆ. 2,000 ರೂಪಾಯಿ ಮೀರಿ ನಗದು ಕೊಟ್ಟರೂ ಸಿಗುವುದಿಲ್ಲ. ಸಂಸ್ಥೆ ಪ್ರತಿ ವರ್ಷ ಮೇ 31ರೊಳಗೆ ಕೊಟ್ಟವರ ಪಟ್ಟಿಯನ್ನು ಇಲಾಖೆಗೆ ಕಳಿಸಿ, ಅಲ್ಲಿಂದ ಬರುವ ಸರ್ಟಿಫಿಕೇಟನ್ನು ದಾನಿಗೆ ಕೊಡಬೇಕು, ನಮ್ಮ ರಶೀದಿ ಮಾತ್ರ ಸಾಲದು. ಹಾಗಂತ ಬೇಡ ಅನ್ನುತ್ತಿಲ್ಲ. ಎಂಆರ್‌ಪಿಎಲ್‌ನಂಥ ದೊಡ್ಡ ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅಂತ ತೆಗೆದಿಡಬೇಕಾದ ಲಾಭದ ಶೇಕಡಾ 2ರ ಪಾಲು, ಬೇಕು ಅಂದರೆ ಎರಡೂ ನೋಂದಣಿ ಇರಬೇಕು, ಸಾಧಾರಣವಾಗಿ ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ನಿನ್ನೆ ಹುಟ್ಟಿದ ಸಂಘ ಸಿಎಸ್‌ಆರ್ ನಂಬಿಕೊಂಡು ಕಟ್ಟಡದ ಶಿಲಾನ್ಯಾಸ ಮಾಡಬಾರದು.

ಈಗ ಸ್ವಲ್ಪ ಸೂಕ್ಷ್ಮ ವಿಷಯ. ನಮ್ಮ ಎರಡೂ ಜಿಲ್ಲೆಗಳಲ್ಲಿ ಜಾತಿ ಸಂಘಗಳು ಮಾಡಿದ ಕೆಲಸ ಸಣ್ಣದಲ್ಲ. ಹಾಸ್ಟೆಲು, ವಿದ್ಯಾರ್ಥಿವೇತನ, ಸಭಾಭವನ, ಎಷ್ಟೋ ಮಕ್ಕಳು ಅದರಿಂದಲೇ ಓದಿದ್ದು. ಸಂಘ ನೋಂದಣಿಗೆ ಇದರಿಂದ ಅಡ್ಡಿ ಇಲ್ಲ. ಆದರೆ ಬೈಲಾದಲ್ಲಿ ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ಅಂತ ಬರೆದರೆ, 1961ರ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಹುಟ್ಟಿದ ಸಂಸ್ಥೆಗೆ ವಿನಾಯಿತಿ ತಪ್ಪುತ್ತದೆ. ಒಂದು ಜಾತಿಯ ಅಥವಾ ಒಂದು ಧರ್ಮದವರ ಹಿತಕ್ಕೆ ಮಾತ್ರ ಇರುವ ಚಾರಿಟಿಗೆ ಅದು ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಇವರಿಗಾಗಿ ಅಂತ ಇದ್ದರೆ ಅದನ್ನು ಹಾಗೆ ನೋಡುವುದಿಲ್ಲ. ಬಡ ವಿದ್ಯಾರ್ಥಿಗಳಿಗೆ ಅಂತ ಬರೆದು ಬಾಗಿಲು ನಿಜವಾಗಿಯೂ ತೆರೆದಿಟ್ಟರೆ ಸಮಸ್ಯೆ ಇಲ್ಲ. ಬರೆಯುವುದು ಹಾಗೆ, ಕೊಡುವುದು ಹೀಗೆ ಅಂತ ಮಾಡಿದರೆ ಫಲಾನುಭವಿಗಳ ಪಟ್ಟಿಯಲ್ಲಿ ಅಡ್ಡಹೆಸರು ನೋಡಿಯೇ ಗೊತ್ತಾಗುತ್ತದೆ, ನಮ್ಮ ಊರಿನ ಅಡ್ಡಹೆಸರುಗಳು ಅಷ್ಟು ಮಾತಾಡುತ್ತವೆ. ಭಜನಾ ಮಂಡಳಿಯವರೂ ಕೇಳಿ: 80ಜಿ ಇರುವ ಸಂಸ್ಥೆ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇಕಡಾ 5ಕ್ಕಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಭಜನೆ, ಮಂಗಳೋತ್ಸವವೇ ಮುಖ್ಯ ಕೆಲಸ ಆದರೆ 80ಜಿ ಆಸೆ ಬಿಡಿ. ಉಚಿತ ಕಣ್ಣಿನ ಶಿಬಿರಕ್ಕೆ ಬೇರೆ ಸಂಸ್ಥೆ ಇದ್ದರೆ ಅದು ಬೇರೆ ಮಾತು.

ಗಲ್ಫ್ ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು, ಮಹಿಳಾ ಮಂಡಲದ ಅಕ್ಕ ಒಬ್ಬರು ಕೇಳಿದರು. ಅವರ ತಮ್ಮ ಅಬುಧಾಬಿಯಲ್ಲಿ, ಭಾವನ ಮಗಳು ಅಮೆರಿಕದಲ್ಲಿ, ಇಬ್ಬರೂ ಕೊಡುತ್ತಾರೆ, ತಗೊಳ್ಳಬಹುದಾ? ಇಲ್ಲಿ ಊರು ಮುಖ್ಯ ಅಲ್ಲ, ಪಾಸ್‌ಪೋರ್ಟ್ ಮುಖ್ಯ. ಅಬುಧಾಬಿಯ ತಮ್ಮ ಭಾರತದ ಪ್ರಜೆ. ಅವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದವಳು ಅಲ್ಲಿಯ ಪ್ರಜೆ ಆಗಿದ್ದರೆ, ಅವಳ ಹತ್ತಿರ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ಅವಳು ವಿದೇಶಿ ಮೂಲ. ಅವಳ ಸಾವಿರ ರೂಪಾಯಿಯೂ 2010ರ ವಿದೇಶಿ ದೇಣಿಗೆ ಕಾಯ್ದೆಗೆ ಬರುತ್ತದೆ, ಅವಳು ಊರಿಗೆ ಬಂದಾಗ ಕೈಯಲ್ಲೇ ಕೊಟ್ಟರೂ ಅಷ್ಟೇ. ಆ ಕಾಯ್ದೆಯ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು, ದುಡ್ಡು ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಸಣ್ಣ ಸಂಘಕ್ಕೆ ಇದು ಹೊರಲಾಗದ ಹೊರೆ. ಆದ್ದರಿಂದ ದುಬೈ, ಕುವೈತ್, ಅಮೆರಿಕ ಯಾವುದೇ ಇರಲಿ, ದಾನಿಯ ಪಾಸ್‌ಪೋರ್ಟ್ ಪ್ರತಿ ಒಂದು ಕಡತದಲ್ಲಿ ಇಡಿ. ಕೇಳಲು ಮುಜುಗರ ಆಗುತ್ತದೆ, ನಿಜ. ಆದರೂ ಕೇಳಿ.

ಎಷ್ಟು ಖರ್ಚಾಗುತ್ತದೆ? ಸಂಘಕ್ಕೆ ಸರಕಾರದ ಶುಲ್ಕ ಅಂಥ ದೊಡ್ಡದಲ್ಲ. ದೊಡ್ಡದು ಮಧ್ಯದಲ್ಲಿ ನಿಂತವರದ್ದು. ಒಂದು ವಾರದಲ್ಲಿ ಟ್ರಸ್ಟ್, 12ಎ, 80ಜಿ, ದರ್ಪಣ್ ಎಲ್ಲ ಪ್ಯಾಕೇಜ್ ಅಂತ ಜಾಹೀರಾತು ಬರುತ್ತದಲ್ಲ, ಅವರು ಕೊಡುವ ಡೀಡ್ ನಿಮ್ಮ ಊರು ನೋಡದೆ ಬರೆದದ್ದು. ದರ್ಪಣ್ ಅಂದರೆ ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ಜಾಲತಾಣ, ಅದರ ನೋಂದಣಿಗೆ ಶುಲ್ಕವೇ ಇಲ್ಲ. ಅದು ಅನುದಾನಕ್ಕೆ ಬೇಕು, ಬ್ಯಾಂಕಿನವರೂ ಈಗ ಕೇಳುತ್ತಾರೆ. ಆಡಿಟರ್‌ಗೆ, ಬೇಕಾದರೆ ವಕೀಲರಿಗೆ ಕೊಡುವುದನ್ನು ಉಳಿಸಲು ಹೋಗಬೇಡಿ. ಬೈಲಾವನ್ನು ಮಾತ್ರ ನೀವೇ ಕೂತು ಒಂದೊಂದು ಸಾಲು ಓದಿ ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ನಿಮ್ಮ ಸದಸ್ಯರಿಗೆ ಓದಲು ಆಗಬೇಕು.

ನಮಗೆ ನೋಂದಣಿ ಬೇಕಾ ಬೇಡ್ವಾ ಅಂತ ಹಿಂದಿನ ಬೆಂಚಿನ ಹುಡುಗರು ಕೇಳಿದರು, ವರ್ಷಕ್ಕೊಂದು ಕ್ರೀಡಾಕೂಟ ಮಾಡುವವರು. ಬೇಡ ಅಂದೆ. ಕೂಟದ ಖರ್ಚನ್ನು ಬೋರ್ಡಿಗೆ ಅಂಟಿಸಿ, ಉಳಿದದ್ದನ್ನು ಎಲ್ಲರ ಎದುರು ಹೇಳಿ, ಸಾಕು. ಸ್ವಂತ ಜಾಗ ತಗೊಳ್ಳುವ ಮಾತು ಬಂದ ದಿನ, ಅಥವಾ ಸರಕಾರದಿಂದಲೋ ಕಂಪನಿಯಿಂದಲೋ ದುಡ್ಡು ಕೇಳುವ ದಿನ ನೋಂದಣಿ ಮಾಡಿ. ಸರ್ಟಿಫಿಕೇಟ್ ಸಿಕ್ಕಿದ ಮೇಲೆ ವರ್ಷ ವರ್ಷದ ಕೆಲಸ ತಪ್ಪಿಸಲು ಆಗುವುದಿಲ್ಲ, ಬೇಡ ಅಂತ ಮುಚ್ಚುವುದು ತೆರೆಯುವುದಕ್ಕಿಂತ ಕಷ್ಟ. ಮುಚ್ಚಿದರೂ ಆಸ್ತಿ ಸದಸ್ಯರಿಗೆ ಬರುವುದಿಲ್ಲ, ಅಂಥದ್ದೇ ಇನ್ನೊಂದು ಸಂಸ್ಥೆಗೆ ಹೋಗಬೇಕು.

ಕೊನೆಗೆ ಒಬ್ಬರು, ಕಾರ್ಯದರ್ಶಿ ಯಾರಾಗಬೇಕು ಮಾರಾಯ್ರೆ, ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ ಅಂದರು. ಊರಲ್ಲಿ ಇರುವವರು ಆಗಬೇಕು. ಬರೆಯಲು ಚುರುಕಾದ ಹುಡುಗ ಅಂತ ಕೊನೆಯ ವರ್ಷದ ಡಿಗ್ರಿಯವನನ್ನು ಮಾಡುತ್ತಾರೆ, ಅವನು ಮುಂದಿನ ವರ್ಷ ಬೆಂಗಳೂರಿಗೆ, ಅದರ ಮುಂದಿನ ವರ್ಷ ಕತಾರಿಗೆ. ತೆರಿಗೆ ಇಲಾಖೆಯ ಲಾಗಿನ್, ದರ್ಪಣ್ ಲಾಗಿನ್, ಬ್ಯಾಂಕಿನ ಖಾತೆ ಎಲ್ಲದಕ್ಕೂ ಅವನದ್ದೇ ಮೊಬೈಲ್ ನಂಬರ್ ಇರುತ್ತದೆ. ಒಟಿಪಿ ಬರುವುದು ಅವನು ಬಿಟ್ಟುಹಾಕಿದ ಸಿಮ್ಮಿಗೆ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಆಡಿಟರ್ ಆಫೀಸಿನಲ್ಲಿ ಕೂತು ಅವನ ಅಮ್ಮನಿಗೆ ಫೋನ್ ಮಾಡುವುದು, ಅವರು ಕಪಾಟಿನಲ್ಲಿ ಸಿಮ್ ಹುಡುಕುವುದು, ಇದು ಆಗುತ್ತಲೇ ಇರುತ್ತದೆ. ಸಂಘಕ್ಕೆ ಅಂತಲೇ ಒಂದು ಸಿಮ್ ತಗೊಳ್ಳಿ, ಒಂದು ಇಮೇಲ್ ಮಾಡಿ, ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಹಾಕಿ ಕೋಶಾಧಿಕಾರಿ ಹತ್ತಿರ ಇಡಿ. ಮಹಾಸಭೆಯಲ್ಲಿ ಪದಾಧಿಕಾರಿಗಳು ಬದಲಾದಾಗ ನಡಾವಳಿ ಪುಸ್ತಕ, ರಶೀದಿ ಪುಸ್ತಕದ ಜೊತೆಗೆ ಆ ಫೋನನ್ನೂ ಕೊಟ್ಟು ಸಹಿ ತಗೊಳ್ಳಿ.